ತೊಟ್ಟಿಲಿಗೇ ಬಂದ ಲಿಂಗ

ಹಾಲ್ಕುರಿಕೆ ಕಡೆಯ ಲಿಂಗಾಯತರ ಮನೆಯಲ್ಲಿ ಕೂಸು ಹುಟ್ಟಿದರೆ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಕೂಸಿಗೆ ಇನ್ನೂ ಹೆಸರಿಟ್ಟಿರುವುದಿಲ್ಲ, ತಾಯಿಯ ಮೈವಾಸನೆ ಬಿಟ್ಟರೆ ಬೇರೆ ಗುರುತು ಹತ್ತಿರುವುದಿಲ್ಲ. ಆದರೂ ಧರ್ಮದ ಲೆಕ್ಕದಲ್ಲಿ ಅದು ಆಗಲೇ ಒಳಗಿನದು. ನಮಗೆ ಇದು ತೆಂಗಿನ ಮರದಲ್ಲಿ ಕಾಯಿ ಬಿಟ್ಟಷ್ಟು ಸಹಜ. ಬಸವಣ್ಣನ ಕಾಲದಲ್ಲಿ ಹಾಗಿರಲಿಲ್ಲ. 12ನೆಯ ಶತಮಾನದ ಶರಣರಲ್ಲಿ ಎಷ್ಟೋ ಜನ ಹುಟ್ಟಿದ ಮನೆಯ ನಂಬಿಕೆಯನ್ನು ಬಿಟ್ಟು ಬಂದವರು. ಅಂಬಿಗ, ಮಡಿವಾಳ, ಸಮಗಾರ, ಬ್ರಾಹ್ಮಣ, ಯಾರೇ ಆಗಲಿ, ಬೆಳೆದು ಬುದ್ಧಿ ಬಂದ ಮೇಲೆ ತಿಳಿದು ಲಿಂಗ ಹಿಡಿದರು. ಅಂಥವರಿಗೂ ಮಕ್ಕಳಾದವು. ಅಪ್ಪನ ತೋಟ ಮಗನಿಗೆ ಬರುತ್ತದೆ, ಅಪ್ಪನ ಅನುಭವ ಬರುತ್ತದೆಯೇ?

ಇದೇ ಪ್ರಶ್ನೆಗೆ ಸಿಕ್ಕಿ ಒದ್ದಾಡಿದ ಇನ್ನೊಂದು ಸಮಾಜವಿದೆ. ಅವರ ಜಗಳದ ಕಾಗದಪತ್ರಗಳು ಉಳಿದಿರುವುದರಿಂದ ನಮ್ಮದನ್ನು ಅರಿಯಲು ಅವು ಉಪಯೋಗಕ್ಕೆ ಬರುತ್ತವೆ. 1630ರಲ್ಲಿ ಜಾನ್ ವಿಂತ್ರಾಪ್ ಎಂಬ ಮುಖಂಡನ ಜೊತೆ ಇಂಗ್ಲೆಂಡಿನಿಂದ ಹೊರಟ ಪ್ಯೂರಿಟನ್ನರು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನೆಲೆಸಿದರು. ಅಲ್ಲಿ ಮೊದಲೇ ಬದುಕಿದ್ದ ಮೂಲನಿವಾಸಿಗಳಿಗೆ ಅವರದೇ ದೈವಗಳಿದ್ದವು, ಆ ಕಥೆ ಬೇರೆಯೇ ಬರೆಯಬೇಕಾದದ್ದು. ಪ್ಯೂರಿಟನ್ನರಿಗೆ ಬಿಷಪ್ಪರ ಆಡಂಬರ ಬೇಡ, ವಿಗ್ರಹ ಬೇಡ, ದೇವರಿಗೂ ಮನುಷ್ಯನಿಗೂ ನಡುವೆ ದಲ್ಲಾಳಿ ಬೇಡ. ಇಲ್ಲಿಯವರೆಗೆ ಕೇಳಿದರೆ ನಮ್ಮವರೇ ಅನ್ನಿಸುತ್ತದೆ.

ಒಂದು ಕಡೆ ಮಾತ್ರ ದಾರಿ ಕವಲೊಡೆಯುತ್ತದೆ. ಯಾರಿಗೆ ಮುಕ್ತಿ, ಯಾರಿಗೆ ನರಕ ಎಂದು ದೇವರು ಸೃಷ್ಟಿಗೂ ಮೊದಲೇ ತೀರ್ಮಾನಿಸಿದ್ದಾನೆ ಎಂಬುದು ಅವರ ನಂಬಿಕೆ. ನಮ್ಮ ಹಣೆಬರಹ ಇದ್ದ ಹಾಗೆ ಎಂದುಕೊಂಡರೆ ತಪ್ಪಾಗುತ್ತದೆ. ಹಣೆಬರಹದ ಹಿಂದೆ ಯಾವುದೋ ಜನ್ಮದ ನಮ್ಮದೇ ಕರ್ಮವಿರುತ್ತದೆ. ಪ್ಯೂರಿಟನ್ನರ ದೇವರು ಆರಿಸುವಾಗ ಮನುಷ್ಯನ ನಡತೆಯನ್ನು ನೋಡುವುದೇ ಇಲ್ಲ. ಇದಕ್ಕೆ ಸ್ವಲ್ಪ ಹತ್ತಿರದ್ದು ಬೇಕೆಂದರೆ ಉಡುಪಿಗೆ ಹೋಗಬೇಕು: ಜೀವಗಳಲ್ಲಿ ಮುಕ್ತಿಗೆ ಯೋಗ್ಯರು, ನಿತ್ಯಸಂಸಾರಿಗಳು, ಕತ್ತಲೆಗೇ ಯೋಗ್ಯರು ಎಂಬ ಮೂರು ಬಗೆ ಅನಾದಿಯಿಂದಲೇ ಇವೆ ಎಂದ ಮಧ್ವಾಚಾರ್ಯರ ಬಳಿಗೆ.

ಹಾಗಾದರೆ ಆಯ್ಕೆಯಾದವರು ಯಾರೆಂದು ತಿಳಿಯುವುದು ಹೇಗೆ? ಚರ್ಚಿನ ಪೂರ್ಣ ಸದಸ್ಯನಾಗಬೇಕಾದವನು ತನ್ನೊಳಗೆ ದೇವರ ಕೃಪೆ ಕೆಲಸ ಮಾಡಿದ ಬಗೆಯನ್ನು ಸಭೆಯ ಮುಂದೆ ಹೇಳಬೇಕಿತ್ತು. ಸಭೆ ಒಪ್ಪಿದರೆ ಒಳಗೆ. 1631ರಿಂದ ಚರ್ಚಿನ ಸದಸ್ಯರಾದ ಗಂಡಸರಿಗಷ್ಟೇ ವಸಾಹತಿನ ಮತದಾನದ ಹಕ್ಕೂ ಸಿಕ್ಕಿತು. ದಲ್ಲಾಳಿ ಬೇಡವೆಂದು ಸಮುದ್ರ ದಾಟಿದವರು ಅನುಭವವನ್ನು ಅಳೆಯುವ ತಕ್ಕಡಿ ಹಿಡಿದು ತಾವೇ ಕೂತರು.

ಅಂಥದೇ ಸಭೆಯೊಂದು ನಮ್ಮ ಸೀಮೆಯವರ ಗ್ರಂಥದಲ್ಲೂ ಇದೆ. ಕುಣಿಗಲ್ ತಾಲ್ಲೂಕಿನ ಎಡೆಯೂರಿಗೆ ಹೋಗಿ ಸಿದ್ಧಲಿಂಗೇಶ್ವರನ ಗದ್ದುಗೆಗೆ ಕೈಮುಗಿಯದ ಮನೆ ನಮ್ಮಲ್ಲಿ ಕಡಿಮೆ. ನಾಗಿನಿ ಹೊಳೆಯ ಮಗ್ಗುಲಲ್ಲಿ ಕಗ್ಗೆರೆಯ ತೋಟವೊಂದರಲ್ಲಿ ತಪಸ್ಸಿಗೆ ಕೂತದ್ದರಿಂದ ಅವರು ತೋಂಟದ ಸಿದ್ಧಲಿಂಗ ಯತಿ. ಅವರ 'ಷಟ್‌ಸ್ಥಲ ಜ್ಞಾನಸಾರಾಮೃತ'ದಲ್ಲಿ 701 ವಚನಗಳಿವೆ. ಹರಕೆ ಹೊರುವವರಲ್ಲಿ ಅದನ್ನು ತೆರೆದವರು ಎಷ್ಟು ಮಂದಿಯೋ! ಅವರ ಶಿಷ್ಯವರ್ಗದಲ್ಲಿ ಗೂಳೂರು ಸಿದ್ಧವೀರಣಾರ್ಯರೂ ಒಬ್ಬರು. 'ಶೂನ್ಯಸಂಪಾದನೆ'ಯ ನಾಲ್ಕು ಪರಿಷ್ಕರಣಗಳಲ್ಲಿ ಒಂದು ಅವರದು. ಅದರಲ್ಲಿ ಅನುಭವ ಮಂಟಪಕ್ಕೆ ಬಂದವರನ್ನೆಲ್ಲ ಅಲ್ಲಮಪ್ರಭು ನಿಲ್ಲಿಸಿ ಪ್ರಶ್ನೆ ಕೇಳುತ್ತಾನೆ. ಅಕ್ಕಮಹಾದೇವಿಗೂ ವಿನಾಯಿತಿಯಿಲ್ಲ. ನಿನ್ನ ಗಂಡ ಯಾರು, ಬಟ್ಟೆ ಬಿಟ್ಟವಳು ಕೂದಲಲ್ಲಿ ಮೈ ಮುಚ್ಚಿದ್ದೇಕೆ ಎಂದು ಕೆಣಕುತ್ತಾನೆ. ಆಕೆ ಮಾತಿಗೆ ಮಾತು ಕೊಡುತ್ತಾಳೆ. ಕೊನೆಗೆ ಕೇಳಿದವನೇ ತಲೆಬಾಗುತ್ತಾನೆ.

ಬಾಸ್ಟನ್ ಪಟ್ಟಣದಲ್ಲೂ ಒಬ್ಬ ಹೆಂಗಸು ಹಾಗೆ ನಿಂತಳು. ಆನ್ ಹಚಿನ್ಸನ್ ತನ್ನ ಮನೆಯಲ್ಲಿ ಜನ ಸೇರಿಸಿ ಪಾದ್ರಿಗಳ ಉಪದೇಶವನ್ನು ಚರ್ಚಿಸುತ್ತಿದ್ದಳು. ಒಳ್ಳೆಯ ನಡತೆಯೇ ಕೃಪೆಯ ಗುರುತೆಂದು ಹೇಳುವ ಪಾದ್ರಿಗಳು ಕೃಪೆಯನ್ನು ಕೂಲಿಯಾಗಿಸಿದ್ದಾರೆ ಎಂಬುದು ಅವಳ ಆಕ್ಷೇಪ. 1637ರ ನವೆಂಬರಿನಲ್ಲಿ ವಿಂತ್ರಾಪನ ನ್ಯಾಯಸಭೆ ಅವಳನ್ನು ವಿಚಾರಣೆಗೆ ನಿಲ್ಲಿಸಿತು. ಬೈಬಲ್ಲಿನ ಮಾತಿಗೆ ಬೈಬಲ್ಲಿನ ಮಾತನ್ನೇ ಎದುರಿಟ್ಟು ಅವಳು ಗೆಲ್ಲುತ್ತಾ ಬಂದಳು. ದೇವರು ತನಗೆ ನೇರವಾಗಿ ತಿಳಿಸಿದ್ದಾನೆ ಎಂದದ್ದೇ ಸಾಕಾಯಿತು, ಗಡೀಪಾರು. ಮರುವರ್ಷ ಚರ್ಚಿನಿಂದಲೂ ಬಹಿಷ್ಕಾರ. ಅದಕ್ಕೂ ಮುಂಚೆ ಗಡೀಪಾರಾಗಿ, 1636ರಲ್ಲಿ ಪ್ರಾವಿಡೆನ್ಸ್ ಕಟ್ಟಿದ್ದ ರಾಜರ್ ವಿಲಿಯಮ್ಸ್‌ನ ಸೀಮೆಯಲ್ಲಿ ಅವಳಿಗೆ ಜಾಗ ಸಿಕ್ಕಿತು. 1660ರಲ್ಲಿ ಮೇರಿ ಡೈಯರ್ ಎಂಬ ಕ್ವೇಕರ್ ಪಂಥದ ಹೆಂಗಸನ್ನು ಬಾಸ್ಟನ್ ನೇಣಿಗೇ ಹಾಕಿತು.

ನೋಡಿ, ನಾವು ದೊಡ್ಡವರು ಅವರು ಚಿಕ್ಕವರು ಎಂದು ಬೀಗಲು ಬರುವುದಿಲ್ಲ. ಹಚಿನ್ಸನ್ನಳದು ನ್ಯಾಯಸಭೆಯ ದಾಖಲೆ. ಶೂನ್ಯಸಂಪಾದನೆ ಕಲ್ಯಾಣದ ಘಟನೆಗಳಾಗಿ ಸುಮಾರು ಮುನ್ನೂರು ವರ್ಷಗಳ ಮೇಲೆ ಹೊಮ್ಮಿದ ಕಾವ್ಯದಂಥ ಗ್ರಂಥ. ಸಭೆ ಹೇಗಿತ್ತು ಎನ್ನುವುದಕ್ಕಿಂತ ಹೇಗಿರಬೇಕಿತ್ತು ಎಂಬ ವಿರಕ್ತರ ಕನಸು ಅದರಲ್ಲಿ ಹೆಚ್ಚು. ಅಷ್ಟು ಹೊತ್ತಿಗೆ ಊರೂರಲ್ಲಿ ಲಿಂಗ ತೊಟ್ಟಿಲಿಗೇ ಬರುತ್ತಿದ್ದುದರಿಂದಲೇ ಅವರು ಪರೀಕ್ಷೆಯ ಕಥೆಯನ್ನು ಮತ್ತೆ ಮತ್ತೆ ಬರೆದರೇನೋ ಎಂದು ನನಗನ್ನಿಸುತ್ತದೆ.

ತೊಟ್ಟಿಲಿನ ಸಮಸ್ಯೆ ಪ್ಯೂರಿಟನ್ನರಿಗೂ ಬಂತು. ಮೊದಲ ತಲೆಮಾರಿನ ಮಕ್ಕಳು ದೊಡ್ಡವರಾದರು. ಒಳ್ಳೆಯ ರೈತರು, ಸಾಲ ತೀರಿಸುವವರು, ವಾರವಾರ ಚರ್ಚಿಗೆ ಬರುವವರು. ಆದರೆ ಎದ್ದು ನಿಂತು ಹೇಳಲು ಅವರ ಬಳಿ ಅನುಭವವಿಲ್ಲ. ಅವರಿಗೆ ಹುಟ್ಟಿದ ಕೂಸಿಗೆ ದೀಕ್ಷಾಸ್ನಾನ ಉಂಟೋ ಇಲ್ಲವೋ? 1662ರಲ್ಲಿ ಪಾದ್ರಿಗಳ ಸಭೆ ಉಂಟು ಎಂದಿತು. ಕೂಸಿಗೆ ದೀಕ್ಷಾಸ್ನಾನ ಸಿಗುತ್ತದೆ, ಆದರೆ ಅಪ್ಪ ಅಮ್ಮನಿಗೆ ಪ್ರಭುವಿನ ಭೋಜನದಲ್ಲಿ ಪಾಲಿಲ್ಲ, ಚರ್ಚಿನ ಆಡಳಿತದಲ್ಲಿ ಮತವಿಲ್ಲ. ಇದಕ್ಕೆ ಅರ್ಧದಾರಿಯ ಒಪ್ಪಂದ ಎಂದು ಆಮೇಲೆ ಅಣಕದ ಹೆಸರು ಬಿತ್ತು. ಅಣಕವೇ ಇರಲಿ, ಅರ್ಧವನ್ನು ಅರ್ಧ ಎಂದೇ ಕರೆದರು. ನಾವು ತೊಟ್ಟಿಲಿನ ಲಿಂಗವನ್ನು ಎಂದೂ ಅರ್ಧ ಎನ್ನಲಿಲ್ಲ. ಅದೇ ಪೂರ್ತಿ ಎಂದೆವು, ಜೊತೆಗೆ ಜಾತಿಯ ಗುರುತನ್ನಾಗಿಯೂ ಮಾಡಿಕೊಂಡೆವು.

ಅನುಭವ ಆಸ್ತಿಯ ಹಾಗೆ ಬರದಿದ್ದರೂ ಹಾಡಿನ ಮೂಲಕ ಒಂದಿಷ್ಟು ದಾಟುತ್ತದೆ. ಪ್ಯೂರಿಟನ್ನರು 1640ರಲ್ಲಿ ಅಚ್ಚು ಹಾಕಿದ ಪುಸ್ತಕ ಬೈಬಲ್ಲಿನ ಕೀರ್ತನೆಗಳದು, ಚರ್ಚಿಗೆ ಬಂದವರೆಲ್ಲ ಕೂಡಿ ಹಾಡಲೆಂದು ಮಾಡಿದ ಇಂಗ್ಲಿಷ್ ಪದ್ಯಾನುವಾದ. ಅಲ್ಲಿನ ಇಂಗ್ಲಿಷ್ ವಸಾಹತುಗಳಲ್ಲಿ ಮುದ್ರಣವಾದ ಮೊದಲ ಪುಸ್ತಕವೇ ಅದು. ಅದಕ್ಕೂ ಶತಮಾನಗಳ ಹಿಂದೆ ಪಾಲ್ಕುರಿಕೆ ಸೋಮನಾಥ ಬಸವಣ್ಣನ ಕಥೆಯನ್ನು ಪಂಡಿತರ ವೃತ್ತಗಳನ್ನು ಬಿಟ್ಟು, ಜನ ಹಾಡಿಕೊಳ್ಳುವ ದ್ವಿಪದಿಯಲ್ಲಿ ತೆಲುಗಿನಲ್ಲಿ ಹೇಳಿದ್ದ. ಭೀಮಕವಿ 1369ರಲ್ಲಿ ಅದನ್ನು ಕನ್ನಡಕ್ಕೆ ತಂದ. ಸೋಮನಾಥನ ಊರು ತೆಲಂಗಾಣದ ಪಾಲಕುರ್ತಿ ಎಂದು ಹಲವರು, ನಮ್ಮ ಹಾಲ್ಕುರಿಕೆಯೇ ಎಂದು ಕೆಲವರು ವಾದಿಸಿದ್ದಾರೆ. ಹಳಗನ್ನಡದ ಪಾಲ್ ಹೊಸಗನ್ನಡದಲ್ಲಿ ಹಾಲು ಆಗುವುದರಿಂದ ಹೆಸರೇನೋ ಚೆನ್ನಾಗಿ ಕೂಡುತ್ತದೆ. ಹೆಸರು ಕೂಡಿದ ಮಾತ್ರಕ್ಕೆ ಊರು ಕೂಡಬೇಕಿಲ್ಲ. ಊರಿನ ಅಭಿಮಾನ ಮಾತ್ರ ಅಷ್ಟಕ್ಕೇ ತೃಪ್ತಿಪಡುತ್ತದೆ.

ಎಷ್ಟೋ ಮನೆಗಳಲ್ಲಿ ಕೂಸಿಗೆ ಕಟ್ಟಿದ ಲಿಂಗ ಕೆಲವೇ ದಿನಕ್ಕೆ ಕರಡಿಗೆ ಸೇರಿ ದೇವರಗೂಡಿನಲ್ಲಿ ಕೂರುತ್ತದೆ. ಮದುವೆ ಗೊತ್ತಾದ ಮೇಲೆ, ಅಯ್ಯನವರು ಬರುವ ಹಿಂದಿನ ದಿನ, ಅದನ್ನು ಎಲ್ಲಿಟ್ಟಿದ್ದೆವೆಂದು ಹುಡುಕುತ್ತಾರೆ.