ಕಾಲುವೆಯ ತುದಿಯೂ ತಂತಿಯ ತುದಿಯೂ

ಸಂಜೆ ಗಿರಣಿಯ ಕೆಲಸ ಮುಗಿಸಿದ ಹುಡುಗರು ಹುಣಸಗಿಯಲ್ಲಿ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಆಡುತ್ತಾರೆ. ಗುರಿಯಿಟ್ಟ ಗಳಿಗೆಗೇ ಚಿತ್ರ ನಿಂತುಬಿಡುತ್ತದೆ. ಮತ್ತೆ ಅಲುಗುವಷ್ಟರಲ್ಲಿ ಆಟ ಸೋತಿರುತ್ತದೆ. ಹುಡುಗರು ಇದಕ್ಕೆ ‘ಲ್ಯಾಗ್’ ಎನ್ನುತ್ತಾರೆ. ಆಟ ತಾನೇ ಎಂದು ಮೂಗು ಮುರಿಯುವ ಹಿರಿಯರನ್ನು ನಾವು ಕೇಳುವುದಿಷ್ಟೆ: ಗಿರಾಕಿಯ ಖಾತೆಯಿಂದ ಹಣ ಹೋಗಿ, ಕಿರಾಣಿ ಅಂಗಡಿಯ ಪೆಟ್ಟಿಗೆ ಮಾತಾಡದೆ ನಿಂತಾಗ ಆಗುವ ಜಗಳವೂ ಆಟವೇ? ಎರಡಕ್ಕೂ ರೋಗ ಒಂದೇ. (ದುಡ್ಡು ಕಟ್ಟಿ ಆಡುವ ಆಟಗಳನ್ನು 2025ರ ಕಾಯದೆ ನಿಷೇಧಿಸಿದೆ; ನಾವು ಅವುಗಳ ವಕಾಲತ್ತು ವಹಿಸಿಲ್ಲ.)

‘ನಿಮ್ಮ ಊರು ದೂರ’ ಎಂಬ ಉತ್ತರ ಸದಾ ಸಿದ್ಧವಾಗಿರುತ್ತದೆ. ಇದು ನಂಬತಕ್ಕ ಮಾತಲ್ಲ. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. 1000 ಕಿ.ಮೀ. ದೂರದ ಯಂತ್ರವನ್ನು ಮುಟ್ಟಿ ಬರಲು ಸೆಕೆಂಡಿನ ನೂರರಲ್ಲೊಂದು ಪಾಲು ಸಾಕು. ಮುಂಬಯಿ, ಬೆಂಗಳೂರು ಅದಕ್ಕಿಂತ ಹತ್ತಿರ. ಹೆಚ್ಚಿನ ತಡ ಆಗುವುದು ದೂರದಿಂದಲ್ಲ, ಪಾಳಿಯಿಂದ. ಹಲವು ಹಳ್ಳಿಗಳ ಮೊಬೈಲುಗಳು ಸಂಜೆ ಒಂದೇ ಟವರಿನ ಮುಂದೆ ಪಾಳಿ ಹಚ್ಚಿ ನಿಲ್ಲುತ್ತವೆ.

ನಾರಾಯಣಪುರ ಎಡದಂಡೆ ಕಾಲುವೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಲಾಶಯ ತುಂಬಿದ್ದರೂ ತುದಿಯ ಹೊಲಕ್ಕೆ ನೀರು ಬಾರದ್ದನ್ನು ಕಂಡವರು ನಾವು. ಕಂಪನಿಗಳು ಜಾಹೀರಾತಿನಲ್ಲಿ ಮಾರುವುದು ಕಾಲುವೆಯ ಅಗಲವನ್ನು. ಆಟಕ್ಕೂ ಅಂಗಡಿಗೂ ಬೇಕಾದದ್ದು, ತೆಳ್ಳಗಾದರೂ ಕಡಿಯದೆ ಹರಿಯುವ ಧಾರೆ.

ನಮ್ಮ ಕೈಯಲ್ಲಿರುವುದನ್ನು ನಾವು ಸರಿಪಡಿಸಿಕೊಳ್ಳೋಣ. ಒಬ್ಬ ಆಡುವಾಗ ಮನೆಯ ಇನ್ನೊಬ್ಬ ದೊಡ್ಡ ವಿಡಿಯೋ ಕಳಿಸಿದರೆ ಸಣ್ಣ ಸಂದೇಶಗಳೆಲ್ಲ ಅದರ ಹಿಂದೆ ಸಿಕ್ಕಿಕೊಳ್ಳುತ್ತವೆ; ಎತ್ತಿನ ಬಂಡಿಯ ಹಿಂದೆ ಸೈಕಲ್ಲುಗಳು ನಿಂತಂತೆ. ರೂಟರನ್ನು ಕಪಾಟಿನಲ್ಲಿ ಅಡಗಿಸಬಾರದು. ಹತ್ತಿರ ಕುಳಿತವರು 5 ಗಿಗಾಹರ್ಟ್ಸ್ ವೈಫೈಗೆ ಜೋಡಿಸಿಕೊಳ್ಳಬೇಕು, ಕಂಪ್ಯೂಟರಿನಲ್ಲಿ ಆಡುವವರು ತಂತಿಯನ್ನೇ ಹಾಕಿಕೊಳ್ಳಬೇಕು. ಕರೆಂಟು ಹೋದಾಗ ರೂಟರ್ ಆರದಂತೆ ಸಣ್ಣ ಬ್ಯಾಟರಿ ಇಡಬೇಕು. ಲ್ಯಾಗ್ ಕಳೆಯುತ್ತೇವೆಂದು ದುಡ್ಡು ಕೇಳುವ ಆ್ಯಪ್‌ಗಳಿಗೆ ಬಿಡಿಗಾಸೂ ಕೊಡಬೇಡಿ. ಟವರಿನ ಪಾಳಿಯನ್ನು ಅವು ಕರಗಿಸಲಾರವು.

ಆದರೆ ಹೊಸ್ತಿಲಾಚೆಯ ದೋಷಕ್ಕೆ ಹುಡುಗರು ಹೊಣೆಯಲ್ಲ. ಹಳ್ಳಿಗಳ ಸಂಪರ್ಕಕ್ಕೆಂದೇ 2002ರಿಂದ ಒಂದು ನಿಧಿಯಿದೆ. 2023ರ ಕಾಯದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟಿತು. ಕಂಪನಿಗಳು ಲೆಕ್ಕಕ್ಕೆ ಬರುವ ಆದಾಯದಲ್ಲಿ ನೂರಕ್ಕೆ 5ನ್ನು ಅದಕ್ಕೆ ಕಟ್ಟುತ್ತವೆ. ಯಾರ ದುಡ್ಡು? ನಮ್ಮ ರೀಚಾರ್ಜಿನದೇ. ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2011ರಲ್ಲಿ. 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಟ್ರಾಯ್ ನಿಯಮಗಳು ವಿಳಂಬಕ್ಕೂ, ದಾರಿಯಲ್ಲಿ ಕಳೆದುಹೋಗುವ ಸಂದೇಶಗಳಿಗೂ ಮಿತಿ ಕಟ್ಟಿವೆ. ಇಷ್ಟಾದ ಮೇಲೂ ಇಡೀ ರಾಜ್ಯದ ಸರಾಸರಿ ತೋರಿಸಿ ಹುಣಸಗಿಯನ್ನು ಸಮಾಧಾನಪಡಿಸುವುದೆಂದರೆ, ಜಲಾಶಯದ ಮಟ್ಟ ಓದಿಹೇಳಿ ತುದಿಯ ರೈತನನ್ನು ಮನೆಗೆ ಕಳಿಸಿದಂತೆ.

ಸಂಜೆ 7ರಿಂದ 10ರವರೆಗೆ ಯಾವ ಟವರಿನಲ್ಲಿ ಎಷ್ಟು ತಡವಾಯಿತೆಂಬ ಲೆಕ್ಕವನ್ನು ತಾಲ್ಲೂಕುವಾರು ಪ್ರಕಟಿಸಬೇಕೆಂದು ನಾವು ಕೇಳುತ್ತೇವೆ. ಆಟದ ಹುಡುಗರ ಮೊಬೈಲಿನ ಮೂಲೆಯಲ್ಲಿ ಆ ಅಂಕಿ ಕಾಣುತ್ತಲೇ ಇರುತ್ತದೆ. ಅದನ್ನವರು ದಿನಾಂಕ ಸಹಿತ ಬರೆದಿಡಲಿ. ಅಂಗಡಿಯವರು ನಿಂತುಹೋದ ಪಾವತಿಗಳ ಹೊತ್ತನ್ನು ಗುರುತಿಸಲಿ. ಇಬ್ಬರೂ ಕೂಡಿ ಕಂಪನಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಲಿ, ಪರಿಹಾರ ಸಿಗದಿದ್ದರೆ ಅದೇ ಸಂಖ್ಯೆ ಹಿಡಿದು ಮೇಲ್ಮನವಿ ಹಾಕಲಿ.