ಮೋಟಾರಿಗೆ ತೋಳದ ಪರಿಚಯವೇಕೆ?

ಇರುವೆ, ಮಿಂಚುಹುಳು, ಬಾವಲಿ, ಕೋಗಿಲೆ, ತೋಳ, ತಿಮಿಂಗಿಲ: ಈ ಸಾಲನ್ನು ಕಂಡ ವಾಚಕರು ಇದು ಪ್ರಾಣಿಶಾಸ್ತ್ರದ ಲೇಖನವೆಂದು ಭಾವಿಸಬಹುದು. ಹಾಗಲ್ಲ. ವಿದ್ಯುತ್ ಮೋಟಾರುಗಳನ್ನೂ ಚಲಿಸುವ ರೋಬಾಟುಗಳನ್ನೂ ಚೆನ್ನಾಗಿ ನಡೆಸಲು ಗಣಕಯಂತ್ರದಲ್ಲಿ ಬಳಸುವ ಕೆಲವು ಗಣನವಿಧಾನಗಳ ಹೆಸರುಗಳಿವು. ಬೂದುತೋಳದ ವಿಧಾನ ೨೦೧೪ರಲ್ಲಿಯೂ ತಿಮಿಂಗಿಲದ ವಿಧಾನ ೨೦೧೬ರಲ್ಲಿಯೂ ಪ್ರಕಟವಾದುವು. ಇಂಜಿನಿಯರಿಂಗ್ ಓದುವ ತರುಣರು ಇಂಥದೊಂದನ್ನು ಆರಿಸಿ, ಮೋಟಾರಿಗೆ ಅನ್ವಯಿಸಿ, ಪ್ರಬಂಧ ಬರೆಯುವುದು ಇಂದು ಸಾಮಾನ್ಯವಾಗಿದೆ. ಈ ಪದ್ಧತಿಯನ್ನು ಕುರಿತು ನಾವು ಎರಡು ಮಾತು ಹೇಳಬೇಕಾಗಿದೆ.

ಮೊದಲು ಸಮಸ್ಯೆಯೇನೆಂಬುದನ್ನು ತಿಳಿಯೋಣ. ಏಕಮುಖ ವಿದ್ಯುತ್ತಿನಿಂದ ತಿರುಗುವ ಒಂದು ಸಣ್ಣ ಮೋಟಾರನ್ನು ತೆಗೆದುಕೊಳ್ಳಿ. ಅದರ ಸುರುಳಿಯ ವಿದ್ಯುತ್ ರೋಧ, ತಿರುಗುವ ಭಾಗದ ಜಡತೆ, ಬೇರಿಂಗುಗಳ ಘರ್ಷಣೆ ಮುಂತಾದ ಕೆಲವೇ ಸಂಖ್ಯೆಗಳು ತಿಳಿದರೆ, ಇಷ್ಟು ವೋಲ್ಟು ಕೊಟ್ಟಾಗ ಅದು ಹೇಗೆ ವೇಗ ಪಡೆಯುವುದೆಂಬುದನ್ನು ಸಮೀಕರಣಗಳಿಂದ ಲೆಕ್ಕ ಹಾಕಬಹುದು. ಈ ಸಮೀಕರಣಗಳೇ ಮೋಟಾರಿನ ಗಣಿತಮಾದರಿ. ಆ ಸಂಖ್ಯೆಗಳನ್ನು ಪಡೆಯುವುದು ಹೇಗೆ? ಮೋಟಾರನ್ನು ಓಡಿಸಿ ವೇಗವನ್ನು ಅಳೆಯಬೇಕು; ಅಳೆದ ವೇಗಕ್ಕೂ ಲೆಕ್ಕದ ವೇಗಕ್ಕೂ ಇರುವ ವ್ಯತ್ಯಾಸಗಳ ವರ್ಗಗಳನ್ನು ಕೂಡಬೇಕು; ಆ ಮೊತ್ತವು ಅತ್ಯಂತ ಕಡಮೆಯಾಗುವಂತೆ ಸಂಖ್ಯೆಗಳನ್ನು ಆರಿಸಬೇಕು. ಇದು ಹೊಸ ಉಪಾಯವೇನೂ ಅಲ್ಲ. ಫ್ರಾನ್ಸಿನ ಲೆಜಾಂಡ್ರನು ಧೂಮಕೇತುಗಳ ಕಕ್ಷೆಯನ್ನು ಕುರಿತ ತನ್ನ ಗ್ರಂಥದಲ್ಲಿ ೧೮೦೫ರಲ್ಲಿ ಪ್ರಕಟಿಸಿದ ಕನಿಷ್ಠ ವರ್ಗಗಳ ವಿಧಾನವೇ ಇದು.

ಇನ್ನು ನಿಯಂತ್ರಣ. ಬೇಕಾದ ವೇಗಕ್ಕೂ ಇರುವ ವೇಗಕ್ಕೂ ನಡುವಣ ಅಂತರವೇ ದೋಷ. ಈಗಿನ ದೋಷವೆಷ್ಟು, ಇದುವರೆಗೆ ಕೂಡಿಬಂದ ದೋಷವೆಷ್ಟು, ದೋಷ ಬದಲಾಗುತ್ತಿರುವ ದರವೆಷ್ಟು ಎಂಬ ಮೂರನ್ನೂ ತಕ್ಕ ಗುಣಕಗಳಿಂದ ಗುಣಿಸಿ ಕೂಡಿದರೆ, ಮೋಟಾರಿಗೆ ಕೊಡಬೇಕಾದ ವೋಲ್ಟು ದೊರೆಯುತ್ತದೆ. ಹಡಗಿನ ಚುಕ್ಕಾಣಿ ಹಿಡಿದವನ ಚಾತುರ್ಯವನ್ನು ಗಮನಿಸಿ, ಮಿನೋರ್ಸ್ಕಿ ಎಂಬವನು ೧೯೨೨ರಲ್ಲಿ ಈ ತತ್ತ್ವವನ್ನು ಗಣಿತದ ಭಾಷೆಯಲ್ಲಿ ವಿವರಿಸಿದನು. ಗುಣಕಗಳನ್ನು ಆರಿಸಲು ಝೀಗ್ಲರ್ ಮತ್ತು ನಿಕೋಲ್ಸ್ ೧೯೪೨ರಲ್ಲಿ ಸರಳ ನಿಯಮಗಳನ್ನು ಕೊಟ್ಟರು. ಪ್ರಾಣಿಗಳ ಹೆಸರಿನ ವಿಧಾನಗಳು ಇಲ್ಲಿ ಮಾಡುವುದೂ ಈ ಆಯ್ಕೆಯನ್ನೇ: ಹಲವು ಊಹೆಗಳನ್ನು ಮುಂದಿಟ್ಟು, ಪ್ರತಿಯೊಂದಕ್ಕೂ ಅಂಕ ಕೊಟ್ಟು, ಮೇಲಾದುವುಗಳ ಕಡೆಗೆ ಉಳಿದವನ್ನು ಸರಿಸುತ್ತ, ಆಕಸ್ಮಿಕಕ್ಕೂ ಸ್ವಲ್ಪ ಎಡೆಗೊಟ್ಟು ಮುಂದುವರಿಯುವುದು.

ಇವು ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ಬೆಟ್ಟಗುಡ್ಡಗಳ ಸೀಮೆಯಲ್ಲಿ ಇಳಿಜಾರನ್ನೇ ನೆಚ್ಚಿ ನಡೆದವನು ಯಾವುದೋ ಸಣ್ಣ ಹಳ್ಳದಲ್ಲಿ ನಿಂತುಬಿಡಬಹುದು; ಆಳವಾದ ಕಣಿವೆ ಆಚೆಗಿದ್ದೀತು. ಅಂಥ ಕಡೆ ಹಲವರು ಹಲವು ದಿಕ್ಕುಗಳಿಂದ ಹುಡುಕುವುದು ಲೇಸು. ಆದರೆ ಮೂರೇ ಗುಣಕಗಳ ಮೋಟಾರಿಗೆ ಇಷ್ಟು ದೊಡ್ಡ ಪರಿವಾರ ಬೇಕೆ? ರೋಬಾಟು ಹಿಡಿಯಬೇಕಾದ ದಾರಿಯ ವಿಷಯವೂ ಹೀಗೆಯೇ. ನೆಲವನ್ನು ಚೌಕಗಳಾಗಿ ವಿಂಗಡಿಸಿಕೊಂಡರೆ, ಅವುಗಳ ಮೇಲೆ ಅತ್ಯಂತ ಹತ್ತಿರದ ದಾರಿಯನ್ನು ತಪ್ಪದೆ ಕೊಡುವ ವಿಧಾನವನ್ನು ಡೈಕ್‌ಸ್ಟ್ರನು ೧೯೫೯ರಲ್ಲಿಯೇ ಪ್ರಕಟಿಸಿದ್ದನು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಶೇಕಿ ಎಂಬ ರೋಬಾಟಿನ ಕಾರ್ಯದಲ್ಲಿ ತೊಡಗಿದ್ದ ಹಾರ್ಟ್, ನಿಲ್ಸನ್, ರಾಫೆಲ್ ಎಂಬವರು ೧೯೬೮ರಲ್ಲಿ ಇನ್ನೂ ಚುರುಕಾದ ವಿಧಾನವನ್ನು ಕೊಟ್ಟರು. ಸಾಧಿತವಾದ ಮಾರ್ಗ ಕೈಯಲ್ಲಿರುವಾಗ ಊಹೆಗೆ ಮೊರೆಹೋಗುವುದು ದೀಪವಿದ್ದೂ ಕತ್ತಲೆಯಲ್ಲಿ ತಡಕಾಡಿದಂತೆ.

ಸಾಧ್ಯವಿರುವ ಎಲ್ಲ ಸಮಸ್ಯೆಗಳನ್ನೂ ಸೇರಿಸಿ ಸರಾಸರಿ ತೆಗೆದರೆ, ಹುಡುಕುವ ಯಾವ ವಿಧಾನವೂ ಇನ್ನೊಂದಕ್ಕಿಂತ ಮೇಲಲ್ಲವೆಂದು ವೋಲ್ಪರ್ಟ್ ಮತ್ತು ಮ್ಯಾಕ್ರೆಡಿ ೧೯೯೭ರಲ್ಲಿ ಸಾಧಿಸಿ ತೋರಿಸಿದರು. ಆದುದರಿಂದ ವಿಧಾನವೊಂದು ಗೆಲ್ಲುವುದು ಹೆಸರಿನ ಬಲದಿಂದಲ್ಲ. ಎದುರಿಗಿರುವ ಸಮಸ್ಯೆಯ ಸ್ವರೂಪಕ್ಕೆ ಹೊಂದಿಕೊಳ್ಳುವುದರಿಂದ. ಆ ಸ್ವರೂಪವನ್ನು ಅರಿಯದವನಿಗೆ ಯಾವ ಪ್ರಾಣಿಯೂ ನೆರವಾಗಲಾರದು.

ಇದಕ್ಕಿಂತಲೂ ಮುಖ್ಯವಾದುದು ಅಂಕ ಕೊಡುವ ಪ್ರಶ್ನೆ. ಚುರುಕುತನವೊಂದನ್ನೇ ಕೇಳಿದರೆ ಗಣಕಯಂತ್ರವು ೧೨ ವೋಲ್ಟಿನ ಬ್ಯಾಟರಿಯಿಂದ ೬೦ ವೋಲ್ಟನ್ನು ಬೇಡುವ ಗುಣಕಗಳನ್ನು ಆರಿಸೀತು. ಕಾಗದದ ಮೇಲಿನ ರೇಖೆ ಬಲು ಚೆಲುವಾಗಿರುತ್ತದೆ. ಮೇಜಿನ ಮೇಲಿನ ಮೋಟಾರು ಮಾತ್ರ ಹಾಗೆ ಓಡದು. ಹತ್ತಿರದ ದಾರಿಯನ್ನಷ್ಟೇ ಕೇಳಿದರೆ ರೋಬಾಟು ಗೋಡೆಯ ಮೂಲೆಯನ್ನು ಸವರಿಕೊಂಡೇ ತಿರುಗೀತು. ಆ ಮೂಲೆಯ ಆಚೆ ಮಗುವೊಂದು ನಿಂತಿದ್ದರೆ? ಗಣಕವನ್ನು ದೂಷಿಸಿ ಫಲವಿಲ್ಲ; ಕೇಳಿದ್ದನ್ನು ಅದು ಕೊಟ್ಟಿದೆ. ಎಷ್ಟು ಅಂತರ ಬಿಡಬೇಕು, ಅದಕ್ಕಾಗಿ ಎಷ್ಟು ತಡವಾದರೂ ಸರಿ ಎಂಬುದನ್ನು ತೂಗಿನೋಡಿ ಹೇಳತಕ್ಕವನು ಮನುಷ್ಯ. ಆ ಹೊಣೆಯನ್ನು ತೋಳಗಳ ಹಿಂಡಿಗೆ ವಹಿಸಲಾಗದು.

ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿಯಿಷ್ಟೆ. ಮೋಟಾರಿನ ಸಮೀಕರಣಗಳನ್ನು ಮೊದಲು ನಿಮ್ಮ ಕೈಯಿಂದಲೇ ಬರೆಯಿರಿ. ಗುಣಕಗಳನ್ನು ಒಂದೊಂದಾಗಿ ಬದಲಿಸಿ, ಯಾವುದು ಏನು ಮಾಡುವುದೆಂಬುದನ್ನು ಕಣ್ಣಾರೆ ಕಾಣಿರಿ. ಹೊಸ ವಿಧಾನವನ್ನು ಪರೀಕ್ಷಿಸುವಾಗ ಹಳೆಯದಕ್ಕೂ ಅಷ್ಟೇ ಅವಕಾಶ ಕೊಡಿರಿ. ಆಕಸ್ಮಿಕವನ್ನು ನಂಬಿದ ವಿಧಾನವನ್ನು ಹಲವು ಬಾರಿ ನಡೆಸಿ, ಒಳ್ಳೆಯ ಫಲದ ಜೊತೆಗೆ ಕೆಟ್ಟ ಫಲವನ್ನೂ ಬರೆದಿಡಿರಿ. ಕೊನೆಗೆ ನಿಜವಾದ ಮೋಟಾರಿನ ಮೇಲೆ ಒರೆಹಚ್ಚಿರಿ. ಇಷ್ಟಾದ ಮೇಲೆಯೂ ತೋಳವೇ ಗೆದ್ದರೆ ಅದನ್ನು ಸಂತೋಷದಿಂದ ಒಪ್ಪೋಣ. ಏಕೆ ಗೆದ್ದಿತೆಂಬುದನ್ನು ಹೇಳುವ ಶಕ್ತಿ ಆಗ ನಿಮಗೆ ಬಂದಿರುತ್ತದೆ. ವಿಜ್ಞಾನಕ್ಕೆ ಬೇಕಾದುದೂ ಅದೇ.