ಹಡಗಿನ ಕಾರ್ಖಾನೆಯಲ್ಲಿ ಕಲಿತ ಪಾಠ

ಕಳೆದ ವಾರ ಗಿರಣಿಯ ಹಿರಿಯ ಕಾರ್ಮಿಕರೊಬ್ಬರು ಪಕ್ಷದ ಕಚೇರಿಗೆ ಬಂದಿದ್ದರು. ಮಗ ಇಂಜಿನಿಯರಿಂಗ್ ಮುಗಿಸಿದ್ದಾನೆ. ಹೆಚ್ಚಿನ ಓದಿಗೆ ಪರದೇಶಕ್ಕೆ ಹೋಗುತ್ತೇನೆನ್ನುತ್ತಾನೆ. ಸಾಲಕ್ಕೆ ಮನೆಯ ಪತ್ರ ಅಡವಿಡಬೇಕು. "ಮೇಷ್ಟ್ರೇ, ಇಲ್ಲಿಲ್ಲದ್ದು ಅಲ್ಲಿ ಏನು ಕಲಿತಾನು?" ಎಂದು ಕೇಳಿದರು. ಈ ಪ್ರಶ್ನೆ ಅವರೊಬ್ಬರದಲ್ಲ. ಅಂಗಡಿಯ ಬಂಡವಾಳ ಮುರಿದು ಮಕ್ಕಳನ್ನು ಓದಿಸುವ ಎಲ್ಲರದೂ ಹೌದು. ಆದುದರಿಂದ ನಮ್ಮ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇವೆ.

ಜಪಾನಿನ ಯಮಾವೋ ಯೋಜೋ ಎಂಬ ತರುಣನ ಕಥೆ ಕೇಳಿ. 1863ರಲ್ಲಿ ಚೋಶೂ ಪ್ರಾಂತದ ಐವರು ಗುಟ್ಟಾಗಿ ಇಂಗ್ಲೆಂಡಿಗೆ ಹೊರಟರು. ಅಪ್ಪಣೆಯಿಲ್ಲದೆ ದೇಶ ಬಿಟ್ಟವರಿಗೆ ಆಗ ಅಲ್ಲಿ ಮರಣದಂಡನೆ. ಆ ಐವರಲ್ಲಿ ಯಮಾವೋ ಒಬ್ಬ. ಲಂಡನ್ನಿನಲ್ಲಿ ಕೆಲಕಾಲ ಓದಿ 1866ರಲ್ಲಿ ಗ್ಲಾಸ್ಗೋ ನಗರಕ್ಕೆ ಹೋದ. ಹಗಲು ನೇಪಿಯರ್ ಹಡಗು ಕಾರ್ಖಾನೆಯಲ್ಲಿ ದುಡಿಮೆ. ರಾತ್ರಿ ಆಂಡರ್ಸನ್ ಕಾಲೇಜಿನ ಸಂಜೆ ತರಗತಿ. ಕತ್ತಿ ಕಟ್ಟುವ ಸಮುರಾಯಿ ಕುಲದವನು ಕೂಲಿಗಳ ಪಕ್ಕದಲ್ಲಿ ನಿಂತು ಕೆಲಸ ಕಲಿತ.

ಹಡಗು ಕಟ್ಟುವ ವಿದ್ಯೆಯನ್ನಷ್ಟೇ ಅವನು ಅಲ್ಲಿ ಕಂಡನೆ? ಕಿವಿ ಕೇಳದ, ಮಾತು ಬಾರದ ಕಾರ್ಮಿಕರು ಕೈಸನ್ನೆಯಲ್ಲಿ ಮಾತಾಡಿಕೊಂಡು ಉಳಿದವರ ಸಮಕ್ಕೆ ದುಡಿಯುವುದನ್ನೂ ಕಂಡ. ಊರಿಗೆ ಮರಳಿದ ಮೇಲೆ, ಕುರುಡರಿಗೂ ಕಿವುಡರಿಗೂ ಶಾಲೆ ಬೇಕೆಂದು 1871ರಲ್ಲಿ ಸರಕಾರಕ್ಕೆ ಮನವಿ ಬರೆದ. ಅವನೂ ಅವನಂಥವರೂ ಪಟ್ಟ ಪ್ರಯತ್ನದಿಂದ 1880ರಲ್ಲಿ ಟೋಕಿಯೋದಲ್ಲಿ ಅಂಥದೊಂದು ಶಾಲೆ ತೆರೆಯಿತು. ಯಂತ್ರ ಕಲಿಯಲು ಹೋದವನ ಕಣ್ಣಿಗೆ ಮನುಷ್ಯ ಬಿದ್ದ. ದೃಷ್ಟಿ ವಿಶಾಲವಾಗುವುದೆಂದರೆ ಇದೇ.

ಟೋಕಿಯೋದ ಇಂಜಿನಿಯರಿಂಗ್ ಕಾಲೇಜನ್ನು ಕಟ್ಟುವುದರಲ್ಲಿಯೂ ಅವನು ಮುಂದಾಳು. 1873ರಲ್ಲಿ ಅದರ ಮುಖ್ಯಸ್ಥನಾಗಿ ಬಂದ ಹೆನ್ರಿ ಡೈಯರ್ ಕೂಡ ಅದೇ ಸಂಜೆ ತರಗತಿಯಲ್ಲಿ ಓದಿದವನು. ಆರು ವರ್ಷದ ಶಿಕ್ಷಣ; ಅದರಲ್ಲಿ ಕೊನೆಯ ಎರಡು ವರ್ಷ ಪ್ರತ್ಯಕ್ಷ ಕೆಲಸ. ಕೈ ಮಸಿ ಮಾಡಿಕೊಳ್ಳದವನು ಇಂಜಿನಿಯರನಲ್ಲವೆಂಬುದು ಅದರ ತಿರುಳು.

ಪರದೇಶಕ್ಕೆ ಹೋದವರೆಲ್ಲರ ಕಣ್ಣೂ ಹೀಗೆ ತೆರೆಯುತ್ತದೆಂದು ನಾವು ಹೇಳುವುದಿಲ್ಲ. ಪದವಿಯ ಕಾಗದ, ಸಂಬಳದ ಅಂಕಿ, ಇವೆರಡನ್ನೇ ನೋಡಿ ಬಂದು "ನಮ್ಮ ಜನ ಸೋಮಾರಿಗಳು" ಎಂದು ಉಪದೇಶ ಮಾಡುವವರನ್ನು ನಾವು ಬಲ್ಲೆವು. ಅವರು ಸಮುದ್ರ ದಾಟಿದರೂ ಮನೆಯ ಹೊಸ್ತಿಲು ದಾಟಿದವರಲ್ಲ.

ಆದುದರಿಂದ ಆ ಹಿರಿಯರಿಗೆ ನಾವು ಹೇಳಿದ್ದಿಷ್ಟು: ಹುಡುಗ ಹೋಗಲಿ. ಆದರೆ ಅಲ್ಲಿಂದ ಬರೆಯುವಾಗ ಯಂತ್ರದ ಸುದ್ದಿಯ ಜೊತೆಗೆ ಆ ಯಂತ್ರ ನಡೆಸುವವನ ಸುದ್ದಿಯನ್ನೂ ಬರೆಯಲಿ. ಅವನಿಗೆ ಎಷ್ಟು ಗಂಟೆ ಕೆಲಸ, ಕೈ ತುಂಡಾದರೆ ಪರಿಹಾರವೇನು, ಸಂಘವುಂಟೋ ಇಲ್ಲವೋ?

ಸರಕಾರಕ್ಕೆ ಹೇಳುವುದು ಬೇರೆ ಇದೆ. ಬುದ್ಧಿವಂತ ಹುಡುಗನೊಬ್ಬ ಲೋಕ ನೋಡಬೇಕಾದರೆ ಕಾರ್ಮಿಕನ ಮನೆಯ ಪತ್ರ ಬ್ಯಾಂಕಿನ ಪೆಟ್ಟಿಗೆ ಸೇರಬೇಕೆ? ಬಡವರ ಮಕ್ಕಳಿಗೆ ಸಾಕಷ್ಟು ವಿದ್ಯಾರ್ಥಿವೇತನ ಕೊಡಿ. ಹೋಗಲಾರದವರಿಗಾಗಿ, ಪಾಳಿ ಮುಗಿಸಿ ಬಂದವನೂ ಕೂತು ಕಲಿಯುವಂಥ ಸಂಜೆ ತರಗತಿಯನ್ನು ಪ್ರತಿ ಜಿಲ್ಲಾ ಊರಿನಲ್ಲಿ ತೆರೆಯಿರಿ. ಯಮಾವೋಗೆ ಕಲಿಸಿದ ಆ ಕಾಲೇಜಿನ ಸಂಜೆಯ ಬಾಗಿಲು ದುಡಿಯುವವನಿಗೂ ತೆರೆದಿತ್ತು. ನಮ್ಮೂರಿನಲ್ಲಿ ಅದು ಯಾಕೆ ಮುಚ್ಚಿರಬೇಕು?